ಚಮಚದ ಸದ್ದು

ಹಗ್ಗ ಹೆಗಲಿಗೆ ಹಾಕಿಕೊಂಡು ನೆವಿಲ್ ತನ್ನ ಅಣ್ಣನ ದೋಣಿಯನ್ನು ಮೊದಲನೇ ತೊಟ್ಟಿಯೊಳಗೆ ಎಳೆದು ತಂದಾಗ ಮಧ್ಯಾಹ್ನ ಹನ್ನೆರಡು. ಬರ್ಮಿಂಗ್‌ಹ್ಯಾಮ್ ಪೇಟೆಯ ನಡುವೆ ಕಾಲುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಾಗ ಅದು. ಒಟ್ಟು ಹದಿಮೂರು ತೊಟ್ಟಿ; ಒಂದೊಂದರಲ್ಲೂ ಹಿಂದೆ ಮುಂದೆ ಬಾಗಿಲು ಮುಚ್ಚಿ, ನೀರು ಇಳಿಸಿ, ದೋಣಿಯನ್ನು ಕೆಳಗಿನ ಮಟ್ಟಕ್ಕೆ ತರಬೇಕು. ದೋಣಿಗೆ ಎಂಜಿನ್ ಯಾವತ್ತೂ ಇರಲಿಲ್ಲ. ಅದನ್ನು ಎಳೆಯುತ್ತಿದ್ದ ಎಂಜಿನ್ ದೋಣಿಯನ್ನು ಅಪ್ಪ ಸತ್ತ ವರ್ಷವೇ ಮಾರಿಬಿಟ್ಟವನು ಈ ನೆವಿಲ್ ಮಹಾಶಯನೇ. ಅಂದಿನಿಂದ ಅಣ್ಣ ರಾಯ್‌ಗೂ ಅವನಿಗೂ ಮಾತಿಲ್ಲ. ಹನ್ನೆರಡು ವರ್ಷ.

ಮೇಲಿನ ಕಾಲುವೆಯ ನೀರನ್ನು ನಾಳೆ ರಿಪೇರಿಗೆಂದು ಖಾಲಿ ಮಾಡುತ್ತಾರೆ. ರಾಯ್ ತನ್ನ ಮನೆಯೂ ಆದ ಈ ದೋಣಿಯಲ್ಲೇ ಹಾಸಿಗೆ ಹಿಡಿದಿದ್ದಾನೆ, ಬಿಟ್ಟು ಬರಲೊಲ್ಲ. ಕೆಸರಲ್ಲಿ ಕೂತ ದೋಣಿಯ ಹತ್ತಿರ ಆಂಬುಲೆನ್ಸ್ ಬರುವುದಿಲ್ಲ. ಕೆಳಗಿನ ಕಟ್ಟೆಯ ಪಕ್ಕದಲ್ಲಾದರೆ ರಸ್ತೆಯಿದೆ. ಅತ್ತಿಗೆ ಬೆರಿಲ್ ಫೋನ್ ಮಾಡಿದಾಗ ನೆವಿಲ್ ಮರುಮಾತಾಡದೆ ಬಂದಿದ್ದ.

"ಒಳಗೋಗಿ ಒಂದ್ಸಲ ಮುಖ ತೋರಿಸಿ ಬಾ," ಅಂದಳು ಚುಕ್ಕಾಣಿ ಹಿಡಿದಿದ್ದ ಬೆರಿಲ್.

"ಮೊದ್ಲು ಕೆಳಗೆ ಮುಟ್ಟಿಸ್ತೀನಿ ಅತ್ತಿಗೆ. ಈಗ ಹೋದ್ರೆ ಬೈದು ಓಡಿಸ್ತಾನೆ."

ತೊಟ್ಟಿಯ ನೀರು ಇಳಿಸುವಾಗ ದೋಣಿಯ ಹಿಂಭಾಗ ಹಿಂದಿನ ಬಾಗಿಲ ಬುಡದ ಕಲ್ಲಂಚಿಗೆ ಸಿಕ್ಕಿಕೊಂಡರೆ ಮುಗಿಯಿತು, ಮೂತಿ ಕೆಳಗಾಗಿ ಮುಳುಗುತ್ತದೆ. ಅದಕ್ಕೇ ಅಪ್ಪನ ಕಾಲದ ಕಟ್ಟಳೆ: ಹಿಂದಿನ ಕೋಣೆಯಲ್ಲಿರುವವರು ಬಾಗಿಲಿಂದ ಸೋರುವ ನೀರಿನ ಸದ್ದು ಆಲಿಸಿ, ದೋಣಿ ಆ ಅಂಚು ದಾಟಿತು ಅನ್ನಿಸಿದಾಗ ಮರದ ಗೋಡೆಗೆ ಚಮಚದಿಂದ ಮೂರು ಸಲ ಕುಟ್ಟಬೇಕು. ಅಲ್ಲಿಯವರೆಗೆ ನೀರಿನ ಕಿಂಡಿ ತೆರೆಯುವಂತಿಲ್ಲ. ಮಲಗಿದಲ್ಲಿಂದಲೇ ರಾಯ್ ಕುಟ್ಟಿದ. ಟಕ್ ಟಕ್ ಟಕ್. ನೆವಿಲ್‌ಗೆ ಇಷ್ಟು ವರ್ಷಗಳಲ್ಲಿ ಅಣ್ಣ ಹೇಳಿದ ಮೊದಲ ಮಾತು ಅದು.

"ಮಾರಿದ್ದ ಎಂಜಿನ್ ವಾಪಸ್ ಬಂತು ನೋಡು ಅಂತ ನಿಮ್ಮಣ್ಣ ನಗ್ತಿದಾನೆ," ಮೂರನೇ ತೊಟ್ಟಿಯಲ್ಲಿ ಬೆರಿಲ್ ಹೇಳಿದಳು.

"ಹಳೇ ಎಂಜಿನ್ನು, ಹೊಗೆ ಜಾಸ್ತಿ ಅಂತ ಹೇಳು," ಅಂದ ನೆವಿಲ್, ಏದುಸಿರಲ್ಲೇ.

ಹಗ್ಗ ಹೆಗಲನ್ನು ಕೊರೆಯುತ್ತಿತ್ತು. ಸೇತುವೆಯ ಮೇಲೆ ಆಫೀಸಿನವರು ಕಾಫಿ ಲೋಟ ಹಿಡಿದುಕೊಂಡೇ ಫೋಟೊ ತೆಗೆದರು. ಐದನೇ ತೊಟ್ಟಿಯಲ್ಲಿ ಸದ್ದು ತಡವಾಯಿತು. ಬೆರಿಲ್ ಒಳಗಿಳಿದಳು, ಬಹಳ ಹೊತ್ತು ಬರಲಿಲ್ಲ. ಕೊನೆಗೂ ಟಕ್ ಟಕ್ ಟಕ್. ಅಲ್ಲಿಂದ ಮುಂದೆ ಅವಳು ಪ್ರತಿ ತೊಟ್ಟಿಯಲ್ಲೂ ಒಳಗಿಳಿಯುತ್ತಿದ್ದಳು. ಔಷಧಿ ಕೊಡಲಿಕ್ಕೇನೋ ಅಂದುಕೊಂಡ ನೆವಿಲ್.

ಮೊದಲೆಲ್ಲ ಹಗ್ಗ ಹಿಡಿದವನು ತಿರುಗಿ ಒಂದು ಸಲ ಕುಟ್ಟಿ, ಕೇಳಿಸಿತು ಎಂದು ತಿಳಿಸುವುದಿತ್ತು. ಎಂಟನೇ ತೊಟ್ಟಿಯಲ್ಲಿ ನೆವಿಲ್ ಬಗ್ಗಿ, ಕಿಂಡಿ ತೆರೆಯಲು ಕೈಯಲ್ಲಿ ಹಿಡಿದಿದ್ದ ಕಬ್ಬಿಣದ ಹಿಡಿಯಿಂದ ದೋಣಿಯ ಚಾವಣಿಗೆ ಮೆಲ್ಲಗೆ ಕುಟ್ಟಿದ. ಒಳಗೆ ಸದ್ದಿಲ್ಲ. ಇನ್ನೇನು ಎದ್ದು ನಿಲ್ಲಬೇಕು, ಒಳಗಿನಿಂದ ಟಕ್ ಅಂತ ಒಂದು ಉತ್ತರ ಬಂತು. ಕಣ್ಣೊರೆಸಿಕೊಂಡು ಕಿಂಡಿ ತೆರೆದ. ಉಳಿದ ಐದು ತೊಟ್ಟಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡ: ತಪ್ಪಾಯ್ತು ಅಣ್ಣ, ನಿನ್ನ ಕೇಳದೆ ಮಾರಬಾರದಿತ್ತು.

ಕೆಳಗಿನ ಕಟ್ಟೆಗೆ ಹಗ್ಗ ಕಟ್ಟಿ ಟೋಪಿ ತೆಗೆದು ಒಳಗಿಳಿದ. ರಾಯ್‌ನ ಕಣ್ಣು ಮುಚ್ಚಿತ್ತು. ಕಂಬಳಿ ಗದ್ದದವರೆಗೆ ಹೊದಿಸಿತ್ತು. ನೆವಿಲ್ ಕೈ ಮುಟ್ಟಿದ, ತಣ್ಣಗಿತ್ತು. ಚಮಚ ಬೆರಿಲ್‌ಳ ಕೈಯಲ್ಲಿತ್ತು.

"ಯಾವಾಗ?"

"ಐದನೇದ್ರಲ್ಲಿ. ಹೇಳಿದ್ರೆ ನೀನು ಅಲ್ಲೇ ಕುಸಿದುಬಿಡ್ತಿದ್ದೆ. ಇವನನ್ನ ಕೆಳಗೆ ಮುಟ್ಟಿಸ್ಬೇಕಿತ್ತಲ್ಲಪ್ಪ."

ನೆವಿಲ್ ಮಂಚದ ಅಂಚು ಹಿಡಿದುಕೊಂಡ. "ಎಂಟನೇದ್ರಲ್ಲಿ ನಾನು ಕುಟ್ಟಿದ್ನಲ್ಲ ಅತ್ತಿಗೆ..."

ಬೆರಿಲ್ ಚಮಚವನ್ನು ಗಂಡನ ಕೈಯಡಿಗೆ ಇಟ್ಟಳು.

"ನಂಗೆ ಕೇಳಿಸ್ತು," ಅಂದಳು.