ಒಳಹೊಲಿಗೆ

"ಈ ಅಂಗಿ ನೋಡಿ ಅಪ್ಪಾ, ಹೋದ ವರ್ಷದ್ದು, ಇವತ್ತಿಗೂ ಸರಿಯಾಗೇ ಇದೆ. ನಾನೆಲ್ಲಿ ಸೊರಗಿದ್ದೀನಿ?" ಎನ್ನುತ್ತ ಮಗಳು ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವನ್ನು ಸಹಿ ಹಾಕದೆ ಪಕ್ಕಕ್ಕೆ ಸರಿಸಿದಳು. ಮೇದೋಜೀರಕ ಗ್ರಂಥಿಯನ್ನು ಪೂರ್ತಿ ತೆಗೆದರೆ ನೋವು ಹೋಗಿ ಸೊರಗಿದ ಮೈ ಮತ್ತೆ ತುಂಬಿಕೊಳ್ಳಬಹುದು, ಆದರೆ ಸಕ್ಕರೆ ಕಾಯಿಲೆ ಖಂಡಿತ, ಬದುಕಿರುವವರೆಗೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದು ಹೇಳಿ ಡಾಕ್ಟರು ಆಗಷ್ಟೇ ಹೊರಗೆ ಹೋಗಿದ್ದರು. "ನೋವು ಹೇಗೋ ತಡ್ಕೋತೀನಿ. ಮನೇಲಿ ಸೂಜಿ ಹಿಡಿಯೋಕೆ ನೀವೊಬ್ಬರು ಸಾಲದಾ?"

ದರ್ಜಿ ಅಪ್ಪನಿಗೆ ನಗು ಬರಲಿಲ್ಲ. ಅವಳು ಸಾಕ್ಷಿಗೆ ಕರೆದ ಅಂಗಿಯೇ ಸುಳ್ಳು ಹೇಳುತ್ತಿತ್ತು. ಅದಕ್ಕೆ ಸುಳ್ಳು ಕಲಿಸಿದವನು ತಾನೇ. ಎದ್ದು ಬಂದು ಅಂಗಿಯ ಅಂಚನ್ನು ತಿರುವಿ ಹಿಡಿದ. ಒಳಗೆ ಪಕ್ಕದ ಹೊಲಿಗೆಯ ಗುಂಟ ನಾಲ್ಕು ಸಾಲುಗಳಿದ್ದವು, ಒಂದಕ್ಕಿಂತ ಒಂದು ಒಳಕ್ಕೆ.

"ಅಂಗಿ ಸಡಿಲ ಆಯ್ತು ಅಂತ ನೀನು ಕನ್ನಡಿ ಮುಂದೆ ಅಳೋದನ್ನ ನೋಡೋಕಾಗ್ಲಿಲ್ಲಮ್ಮ. ಇಸ್ತ್ರಿಗೆ ಅಂತ ತಗೊಂಡು ಹೋದಾಗೆಲ್ಲ ಒಂದಿಷ್ಟು ಒಳಕ್ಕೆ ಹಿಡಿದು ಹೊಲಿದುಬಿಡ್ತಿದ್ದೆ. ಎಲ್ಲಾ ಅಂಗಿಗೂ." ಅವನು ತಲೆ ಎತ್ತಲಿಲ್ಲ.

ಮಗಳು ಆ ಸಾಲುಗಳ ಮೇಲೆ ಒಂದೊಂದಾಗಿ ಉಗುರು ಎಳೆದಳು.

"ಮಿಕ್ಕ ಬಟ್ಟೆ ಕತ್ತರಿಸಿಬಿಟ್ರಾ?"

"ಇಲ್ಲ ಕಣಮ್ಮ. ಹಾಗೇ ಒಳಗಿದೆ, ಹೊಲಿಗೆ ಬಿಚ್ಚಿದ್ರೆ ಮೊದಲಿನಷ್ಟೇ ಆಗುತ್ತೆ."

"ಹಾಗಾದ್ರೆ ಆ ಪೆನ್ನು ಕೊಡಿ."