ಆರು ಎಣಿಸುವಷ್ಟು ಹೊತ್ತು

"ಎಂಟನೇ ಕ್ಲಾಸಿಗೇ ಹಳಿ ತಪ್ಪಿದವನ ಎಂಜಿನ್ನು, ಹೊರಡು ಅಂದ್ರೆ ಹೊರಡುತ್ತಾ?" ಎಂದರು ಕ್ಲಬ್ಬಿನ ಅಧ್ಯಕ್ಷರು, ಫಿಟ್ಟರನ ಎಂಜಿನ್ನು ಓಡಿಸಲು ಗುಂಡಿ ತಿರುಗಿಸಿ ಎರಡು ಸೆಕೆಂಡೂ ಕಾಯದೆ. ಪುಟಾಣಿ ರೈಲುಗಳ ಪ್ರದರ್ಶನ ನೋಡಲು ಬಂದಿದ್ದ ಮೂವತ್ತು ಜನ ಗೊಳ್ಳೆಂದು ನಕ್ಕರು. ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಫಿಟ್ಟರನ ಅಮ್ಮನೂ, ಏನೆಂದು ಅರ್ಥವಾಗದೆ, ಎಲ್ಲರೂ ನಗುವಾಗ ತಾನೂ ನಗಬೇಕೇನೋ ಎಂದುಕೊಂಡು ಸಣ್ಣಗೆ ನಕ್ಕಳು. ಫಿಟ್ಟರನ ಮೈ ಉರಿದುಹೋದದ್ದು ಆ ನಗುವಿಗೆ.

"ಬಾರಮ್ಮಾ, ಅಪ್ಪ ಗಾಡಿ ಎತ್ತುತ್ತಿದ್ದ ಹಾಗೇ ಎತ್ತಿ ತೋರಿಸ್ತೀನಿ" ಎಂದು ಅವಳನ್ನು ಕರೆತಂದವನು ಅವನೇ. ಅಪ್ಪ ಪ್ಯಾಸೆಂಜರ್ ಗಾಡಿಯ ಡ್ರೈವರ್. ಅವನು ಗಾಡಿ ಎತ್ತಿ ಹೊರಟರೆ ಲೋಟದ ನೀರು ಅಲುಗುತ್ತಿರಲಿಲ್ಲ. ಕಿಟಕಿಯಲ್ಲಿ ಕೂತವರಿಗೆ ಪ್ಲಾಟ್‌ಫಾರ್ಮೇ ತನ್ನ ಬೆಂಚು, ಗಡಿಯಾರ, ಕೈ ಬೀಸುವ ನೆಂಟರ ಸಮೇತ ಮೆಲ್ಲಗೆ ಎದ್ದು ಹೊರಟ ಹಾಗೆ ಕಾಣುತ್ತಿತ್ತು. ಚಿಕ್ಕವನಿದ್ದಾಗ ಫಿಟ್ಟರ್ ಅದನ್ನೇ ನಂಬಿದ್ದ: ಅಪ್ಪ ಎಲ್ಲಿಗೂ ಹೋಗುವುದಿಲ್ಲ, ಊರುಗಳೇ ಒಂದೊಂದಾಗಿ ಬಂದು ಅಪ್ಪನನ್ನು ನೋಡಿಕೊಂಡು ಹೋಗುತ್ತವೆ. ಅಪ್ಪ ಸತ್ತ ವರ್ಷ ಶಾಲೆ ಬಿಟ್ಟು ವರ್ಕ್‌ಶಾಪ್ ಸೇರಿದ ಮೇಲೂ ಆ ನಂಬಿಕೆ ಪೂರ್ತಿ ಕಳಚಿರಲಿಲ್ಲ.

ಪುಟಾಣಿ ಎಂಜಿನ್ನಿನ ಹೊಟ್ಟೆಯಲ್ಲಿ ಆಜ್ಞೆ ಕೇಳಿ ಅದನ್ನು ನಡೆಸುವ ಉಗುರಿನಷ್ಟು ಚಿಪ್ಪು, ಡಿಕೋಡರ್, ಇರುತ್ತದೆ. ಅದರ ಒಂದೊಂದು ಮನೆಗೂ ಒಂದೊಂದು ನಂಬರು. ಎಷ್ಟು ಮೆತ್ತಗೆ ಹೊರಡಬೇಕು, ಹೇಗೆ ವೇಗ ಹಿಡಿಯಬೇಕು, ಎಲ್ಲಿ ಉಸಿರು ಬಿಡಬೇಕು ಎಲ್ಲ ಆ ನಂಬರುಗಳ ಕೈಯಲ್ಲಿ. ಉಳಿದವರಲ್ಲಿ ಹೆಚ್ಚಿನವರು ಕಂಪನಿ ಪುಸ್ತಕ ನೋಡಿ ತುಂಬಿದ್ದರು. ಫಿಟ್ಟರ್ ಏಳು ತಿಂಗಳು, ಪಾಳಿ ಮುಗಿಸಿ ಬಂದು, ಹಳಿಗೆ ಕಿವಿ ಕೊಟ್ಟು ತುಂಬಿದ್ದ. ಒಂದು ನಂಬರು ಏರಿಸುವುದು, ಕೇಳುವುದು, ಇಳಿಸುವುದು, ಮತ್ತೆ ಕೇಳುವುದು. ಎಲ್ಲೂ ಬರೆದಿಡಲಿಲ್ಲ. ಗುಂಡಿ ತಿರುಗಿಸಿ ಆರು ಎಣಿಸಿದ ಮೇಲೆ ಆ ಎಂಜಿನ್ನು ಹೊರಡುತ್ತಿತ್ತು. ಆರು ಎಣಿಸುವ ತಾಳ್ಮೆ ಅಧ್ಯಕ್ಷರಿಗಿರಲಿಲ್ಲ.

ಫಿಟ್ಟರ್ ತನ್ನ ಎಂಜಿನ್ನನ್ನು ಹಳಿಯಿಂದ ಎತ್ತಿಕೊಂಡ.

"ಇಲ್ನೋಡು, ಕೆಲಸ ಅಂದ್ರೆ ಹೀಗೆ" ಎಂದು ಅಧ್ಯಕ್ಷರು ತಮ್ಮ ಕೆಂಪು ಎಂಜಿನ್ನನ್ನು ಮೇಜಿನ ತುದಿಯ ಗೇಣುದ್ದದ ಪರೀಕ್ಷೆ ಹಳಿಯ ಮೇಲಿಟ್ಟರು. "ಮೊದ್ಲು ಹಳೇದೆಲ್ಲ ಒರೆಸಿಹಾಕ್ಬೇಕು. ಆಮೇಲೆ ಪುಸ್ತಕ ನೋಡ್ಕೊಂಡು ಒಂದೊಂದೇ."

ಪರೀಕ್ಷೆ ಹಳಿಗೂ ಎಲ್ಲರ ಎಂಜಿನ್ನುಗಳು ನಿಂತಿದ್ದ ದೊಡ್ಡ ಹಳಿಗೂ ನಡುವೆ ಒಂದು ಸ್ವಿಚ್ಚಿತ್ತು. ಅದು ಈಚೆಗಿದ್ದರೆ ಆಜ್ಞೆ ಒಂದೇ ಎಂಜಿನ್ನಿಗೆ. ಆಚೆಗಿದ್ದರೆ ಹಳಿ ಮೇಲಿರುವ ಅಷ್ಟಕ್ಕೂ. ಬೆಳಿಗ್ಗೆ ವೈರು ಜೋಡಿಸುವಾಗ ಯಾರೋ ಆಚೆ ತಳ್ಳಿ ಮರೆತಿದ್ದರು. ಅದು ಫಿಟ್ಟರನ ಕಣ್ಣಿಗೆ ಬಿತ್ತು.

"ಸಾರ್, ಆ ಸ್ವಿಚ್ಚು..."

"ಬಾಯಿ ಮುಚ್ಕೊಂಡು ನೋಡಪ್ಪಾ. ಕಲಿಯೋ ವಯಸ್ಸಲ್ಲಂತೂ ಕಲೀಲಿಲ್ಲ."

ಇನ್ನು ಎರಡೇ ಮಾತು ಬಾಕಿಯಿತ್ತು. ಅದನ್ನು ಫಿಟ್ಟರ್ ನುಂಗಿಕೊಂಡ. ಕೈ ಕಟ್ಟಿ ನಿಂತ, ಎಂಜಿನ್ನು ಕಂಕುಳಲ್ಲಿ ಬೆಚ್ಚಗಿತ್ತು.

ಅಧ್ಯಕ್ಷರು ಒರೆಸುವ ಬಟನ್ ಒತ್ತಿದರು. ದೊಡ್ಡ ಹಳಿಯುದ್ದಕ್ಕೂ, ಸುರಂಗದ ಬಾಯಲ್ಲಿ, ಸೇತುವೆಯ ಮೇಲೆ, ಶೆಡ್ಡಿನ ಒಳಗೆ, ಹದಿನಾರು ಪುಟ್ಟ ದೀಪಗಳು ಒಟ್ಟಿಗೆ ಕಣ್ಣು ಮುಚ್ಚಿ ತೆರೆದವು. ನಿದ್ದೆಯಲ್ಲಿ ಯಾರೋ ಹೆಸರು ಮರೆತ ಹಾಗೆ. ಆಮೇಲೆ ಅವರು ಗುಂಡಿ ತಿರುಗಿಸಿದರು. ಹಳೇದೆಲ್ಲ ಅಳಿಸಿಹೋಗಿ ಹದಿನಾರಕ್ಕೂ ಈಗ ಒಂದೇ ನಂಬರು, ಒಂದೇ ಬುದ್ಧಿ: ಅಷ್ಟೂ ಒಟ್ಟಿಗೆ ಕಪ್ಪೆಗಳ ಹಾಗೆ ಮುಂದಕ್ಕೆ ಚಿಮ್ಮಿದವು. ಮೂರು ಮಗುಚಿಬಿದ್ದವು.

"ನಂದೂ ಹೋಯ್ತಾ?" ಎಂದರು ಕ್ಲಬ್ಬಿನ ಹಿರಿಯರಾದ ವಾಚ್ ರಿಪೇರಿಯವರು, ಬಿದ್ದ ಎಂಜಿನ್ನನ್ನು ಅಂಗೈಯಲ್ಲಿ ಮಗುವಿನಂತೆ ಎತ್ತಿಕೊಂಡು. "ಮೂರು ವರ್ಷ ಕೂತಿದ್ದೆ ಕಣಯ್ಯಾ ಇದಕ್ಕೆ." ಮೊದಲು ಫಿಟ್ಟರನನ್ನು ಕಂಡು ನಕ್ಕ ನಗುವಿನಲ್ಲಿ ಅವರ ನಗುವೂ ಇತ್ತು.

ಫಿಟ್ಟರ್ ದಾರಿಗಡ್ಡ ನಿಂತವನ್ನು ಬದಿಗಿಟ್ಟು, ತನ್ನ ಎಂಜಿನ್ನನ್ನು ಸ್ಟೇಷನ್ನಿನ ಮುಂದೆ ಹಳಿಯ ಮೇಲಿಟ್ಟು, ನಾಲ್ಕು ಡಬ್ಬಿ ಜೋಡಿಸಿ, ತನ್ನ ಎಂಜಿನ್ನನ್ನು ಕರೆಯುವ ನಂಬರು ಒತ್ತಿ ಗುಂಡಿ ತಿರುಗಿಸಿದ. ಒಂದು. ಎರಡು. ಅಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ನಾಲ್ಕು. ಐದು. ಸದ್ದಿಲ್ಲ, ಜಗ್ಗಾಟವಿಲ್ಲ. ನೋಡುತ್ತ ನೋಡುತ್ತ ರಟ್ಟಿನ ಸ್ಟೇಷನ್ನು, ಅದರ ಕಡ್ಡಿಯಷ್ಟು ಎತ್ತರದ ಜನ, ಬಣ್ಣದ ಬೆಂಚು ಎಲ್ಲ ಹಿಂದಕ್ಕೆ ತೇಲತೊಡಗಿದ ಹಾಗಿತ್ತು.

"ಗಾಡಿ ಹೊರಟಿತೇನೋ?" ಎಂದಳು ಅಮ್ಮ. ಅಷ್ಟರಲ್ಲಿ ಅದು ಸೇತುವೆ ದಾಟಿತ್ತು. ಅವಳು ಸೆರಗು ಬಾಯಿಗೊತ್ತಿಕೊಂಡಳು.

ಒಂದು ಸುತ್ತು ಮುಗಿಸಿ ಎಂಜಿನ್ನು ಹೊರಟಷ್ಟೇ ಮೆತ್ತಗೆ ನಿಂತಿತು. ಫಿಟ್ಟರ್ ಅದನ್ನೆತ್ತಿ ಎದೆಯ ಜೇಬಿಗೆ ಇಳಿಸಿ, ಅಮ್ಮನಿಗೆ ಕೈ ಕೊಟ್ಟು ಎಬ್ಬಿಸಿದ.

"ಏನಪ್ಪಾ ಫಿಟ್ಟರ್..." ಅಧ್ಯಕ್ಷರ ದನಿ ಈಗ ಬೆಣ್ಣೆಯಾಗಿತ್ತು. "ಏನೇನು ನಂಬರು ಹಾಕಿದ್ದೀಯ ಇದಕ್ಕೆ? ಸ್ವಲ್ಪ ಹೇಳಪ್ಪ, ಎಲ್ಲಾದಕ್ಕೂ ಅದನ್ನೇ ಹಾಕೋಣ."

"ಹೇಳೋ ಮರಿ" ಎಂದರು ವಾಚ್ ರಿಪೇರಿಯವರು, ನೆಲ ನೋಡುತ್ತ.

ಫಿಟ್ಟರ್ ಅಮ್ಮನ ಜೊತೆ ಹೊರಟದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಸಭಾಂಗಣವೇ ಮೆಲ್ಲಗೆ ಹಿಂದಕ್ಕೆ ಸರಿಯಿತು: ಮೊದಲು ಮೇಜು, ಆಮೇಲೆ ಮಗುಚಿದ ಎಂಜಿನ್ನುಗಳು, ಕೊನೆಗೆ, ಬೀಳ್ಕೊಡಲು ಬಂದ ನೆಂಟರ ಹಾಗೆ ಕೈಯೆತ್ತಿ ನಿಂತ ಅಧ್ಯಕ್ಷರು.