ದೊಡ್ಡ ಫೈಲು

"ನಾಡಿದ್ದು ಅಮ್ಮನ ವೈಕುಂಠ ಸಮಾರಾಧನೆ. ಇದರಲ್ಲಿರೋ ಅಮ್ಮನ ಮುಖ ಮಾತ್ರ ಹನ್ನೆರಡು-ಹದಿನೆಂಟು ಇಂಚು ಸೈಜಿಗೆ ಮಾಡಿಕೊಡಿ," ಎಂದು ಅವಳು ಸ್ಟುಡಿಯೋದವನ ಮುಂದೆ ಮೊಬೈಲು ಹಿಡಿದಳು.

ಅವಳದೇ ಮದುವೆಯ ಗ್ರೂಪ್ ಫೋಟೋ. ಎಲ್ಲರಿಗಿಂತ ಹಿಂದೆ, ಕಂಬದ ಪಕ್ಕ, ಅಮ್ಮನ ಮುಖ ಕಡಲೆಕಾಳಿನಷ್ಟಿತ್ತು.

"ಆಗಲ್ಲ ಮೇಡಂ. ಇದರಲ್ಲಿ ಪಿಕ್ಸೆಲ್ಲೇ ಇಲ್ಲ. ಅಷ್ಟು ದೊಡ್ಡದು ಮಾಡಿದ್ರೆ ಬರೀ ಚೌಕ ಚೌಕ ಬರುತ್ತೆ, ಅಮ್ಮ ಕಾಣಲ್ಲ."

"ಈ ಮದುವೆ ಫೋಟೋ ತೆಗೆದೋರು ನೀವೇ ತಾನೆ? ಐಸ್‌ಕ್ರೀಂ ತಿನ್ನೋರನ್ನೂ ಬಿಡದೆ ಎಂಟುನೂರು ಫೋಟೋ ತೆಗೆದಿದ್ದೀರಿ. ಹೆತ್ತ ತಾಯಿ ಒಬ್ಬಳು ಕಣ್ಣಿಗೆ ಬೀಳಲಿಲ್ವಾ?"

"ಬಿದ್ದಿದ್ರು."

"ಮತ್ತೆ? ಗಂಡ ಇಲ್ಲದೋಳು ಅಂತ ನೀವೂ ದೂರ ಇಟ್ರಾ? ನಾಚಿಕೆ ಆಗಲ್ವಾ ನಿಮಗೆ?"

ಅಂಗಡಿಯಲ್ಲಿ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನ ಮುಖ ಬಿಗಿಯಿತು.

"ಒಂದಿದೆ. ದೊಡ್ಡ ಫೈಲು. ಗೋಡೆಯಷ್ಟು ಮಾಡಿದ್ರೂ ಚೂರೂ ಮಸುಕಾಗಲ್ಲ. ಆಲ್ಬಮ್ಮಿಗೆ ಬೇಡ ಅಂತ ನಾನೇ ಬಿಟ್ಟಿದ್ದೆ."

"ಬಿಡೋಕೆ ನೀವ್ಯಾರು? ತೆಗೀರಿ ಮೊದಲು!"

ಅವನು ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದ.

ಅಕ್ಷತೆ ಹಿಡಿದು ಮಂಟಪದ ಮೆಟ್ಟಿಲು ಹತ್ತಿದ್ದ ಅಮ್ಮನ ಬರಿಹಣೆಯ ಮುಖ ರೆಪ್ಪೆ ಎಣಿಸುವಷ್ಟು ಸ್ಪಷ್ಟವಾಗಿತ್ತು. ಗೋರಂಟಿಯ ಕೈಯಿಂದ ಅಮ್ಮನ ಭುಜ ಹಿಡಿದು ಹಿಂದಕ್ಕೆ ತಳ್ಳುತ್ತಿದ್ದ ಮದುಮಗಳೂ ಅಷ್ಟೇ ಸ್ಪಷ್ಟವಾಗಿದ್ದಳು.